ತಲೆ ತಿರುಗಿದಾಗಷ್ಟೇ ಗುಳಿಗೆ ನುಂಗುವ ಅತ್ತೆ

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆ ಕಾರಟಗಿ ತಾಲ್ಲೂಕಿನ ಹಳ್ಳಿ. ಅತ್ತೆಗೆ 67 ವರ್ಷ. ಎಂಟು ವರ್ಷದಿಂದ ಬಿಪಿ, ಶುಗರ್ ಎರಡೂ ಇವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗುಳಿಗೆ ಪುಕ್ಕಟೆ ಸಿಗುತ್ತವೆ. ಅವು ಸ್ಟ್ರಾಂಗ್ ಇಲ್ಲ ಎಂದು ಓಣಿಯವರು ಹೇಳಿದ್ದಕ್ಕೆ ಪಟ್ಟಣದ ಖಾಸಗಿ ಡಾಕ್ಟರ ಹತ್ತಿರವೂ ತೋರಿಸುತ್ತೇವೆ. ಅಲ್ಲಿ ತಿಂಗಳಿಗೆ ಸಾವಿರದ ಮೇಲೆ ಖರ್ಚು. ಅತ್ತೆಗೆ ಬರುವ ಪಿಂಚಣಿ 1,200 ರೂಪಾಯಿ. ಯಜಮಾನರು ಬೆಂಗಳೂರಿಗೆ ಗುಳೆ ಹೋಗಿದ್ದಾರೆ. ನಾನು ನಾಟಿ, ಕಳೆ ಎಂದು ಬೆಳಿಗ್ಗೆ ಮನೆ ಬಿಟ್ಟರೆ ಸಂಜೆಯೇ ಬರುವುದು. ಅತ್ತೆ ಓದಿಲ್ಲ. ತಲೆ ತಿರುಗಿದರೆ ಮಾತ್ರ ಗುಳಿಗೆ ನುಂಗುತ್ತಾರೆ. ‘ಆರಾಮ ಇದ್ದಾಗ ಯಾಕ ನುಂಗ್ಲಿ, ಕಿಡ್ನಿ ಹೋಗ್ತಾವು’ ಎನ್ನುತ್ತಾರೆ. ಮೊಣಕಾಲು ನೋವಿಗೆ ಊರಲ್ಲೇ ಹದಿನೈದು ದಿನಕ್ಕೊಂದು ಸೂಜಿ ಮಾಡಿಸುತ್ತಾರೆ. ಶ್ರಾವಣ ಸೋಮವಾರ ಉಪವಾಸವಿದ್ದರು. ‘ದೇವರ ದಿನ ಗುಳಿಗಿ ತಪ್ಪಿಸಬಾರದು’ ಎಂದು ಬೆಳಿಗ್ಗೆ ಎಲ್ಲ ಗುಳಿಗೆ ನುಂಗಿದ್ದರು. ಮಧ್ಯಾಹ್ನ ಮೈ ಬೆವತು, ಏನೇನೋ ಮಾತಾಡಿ ಬಿದ್ದರು. ಗಾಳಿ ಸೋಕಿದೆ ಎಂದರು ಜನ. ದವಾಖಾನೆಯಲ್ಲಿ ನೋಡಿದರೆ ಶುಗರ್ 48. ನೂರು ಸಲ ಹೇಳಿದ್ದೇನೆ, ಗೋಡೆಗೆ ಚೀಟಿ ಅಂಟಿಸಿದ್ದೇನೆ, ಮೊಬೈಲಿನಲ್ಲಿ ವಿಡಿಯೊ ತೋರಿಸಿದ್ದೇನೆ. ಅವರಿಗೆ ತಿಳಿಯುವ ಹಾಗೆ ಹೇಗೆ ಹೇಳಲಿ? ನಮ್ಮ ಸ್ವಸಹಾಯ ಸಂಘದಲ್ಲಿ ಇಂಥ ಹಿರಿಯರಿರುವ ಹತ್ತು ಮನೆಗಳಿವೆ. ಎಲ್ಲರನ್ನೂ ಸೇರಿಸಿ ಏನಾದರೂ ಮಾಡಬಹುದೇ? ಗುಳಿಗೆಗಳ ಫೋಟೊ ಕಳಿಸಿದ್ದೇನೆ.

ಉತ್ತರ: ಮೊದಲು ಫೋಟೊದ ವಿಷಯ. ಅದು ಕಾಯುವಂಥದ್ದಲ್ಲ.

ನೀವು ಚಾಪೆಯ ಮೇಲೆ ಹರಡಿ ತೆಗೆದ ಚಿತ್ರದಲ್ಲಿ ಆರು ಸ್ಟ್ರಿಪ್ ಇವೆ. ಎಡತುದಿಯದು ಸರ್ಕಾರಿ ದವಾಖಾನೆಯ ಗ್ಲಿಮೆಪಿರೈಡ್ ಎಂಬ ಶುಗರ್ ಇಳಿಸುವ ಗುಳಿಗೆ, 1 ಮಿ.ಗ್ರಾಂ. ಬಲಗಡೆಯ ಹೊಳೆಯುವ ಸ್ಟ್ರಿಪ್ ಖಾಸಗಿ ಡಾಕ್ಟರು ಬರೆದದ್ದು. ಅದರ ಮೇಲೆ ಕಂಪನಿಯಿಟ್ಟ ಹೆಸರು ದೊಡ್ಡದಾಗಿದೆ. ಅದರ ಕೆಳಗೆ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, ಗ್ಲಿಮೆಪಿರೈಡ್ 2 ಮಿ.ಗ್ರಾಂ., ಮೆಟ್‌ಫಾರ್ಮಿನ್ 500 ಮಿ.ಗ್ರಾಂ. ಎಂದಿದೆ; ಮೆಟ್‌ಫಾರ್ಮಿನ್ ಶುಗರಿಗೇ ಕೊಡುವ ಇನ್ನೊಂದು ಔಷಧಿ. ಹೆಸರು ಬೇರೆ, ಬಣ್ಣ ಬೇರೆ, ಒಳಗಿರುವ ಔಷಧಿ ಒಂದೇ. ಅಂದರೆ ಎಲ್ಲ ಗುಳಿಗೆ ನುಂಗಿದ ಆ ಸೋಮವಾರ ಅತ್ತೆಯ ಹೊಟ್ಟೆಗೆ ಹೋದದ್ದು 1 ಅಲ್ಲ, 2 ಅಲ್ಲ, 3 ಮಿ.ಗ್ರಾಂ. ಗ್ಲಿಮೆಪಿರೈಡ್. ಅದೂ ಅನ್ನದ ಅಗುಳು ಬೀಳದ ಹೊಟ್ಟೆಗೆ. ಶುಗರ್ 48ಕ್ಕೆ ಇಳಿದದ್ದು ಆಶ್ಚರ್ಯವಲ್ಲ. ಗಾಳಿಯೂ ಸೋಕಿರಲಿಲ್ಲ. ಇಬ್ಬರು ಡಾಕ್ಟರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಬರೆದಿದ್ದಾರೆ; ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ ಅಷ್ಟೇ.

ನಾಳೆ ಅಥವಾ ನಾಡಿದ್ದು ಆ ಆರೂ ಸ್ಟ್ರಿಪ್‌ಗಳನ್ನು ಒಂದೇ ಚೀಲದಲ್ಲಿ ಹಾಕಿಕೊಂಡು, ಅತ್ತೆಯನ್ನೂ ಕರೆದುಕೊಂಡು, ಇಬ್ಬರಲ್ಲಿ ಒಬ್ಬ ಡಾಕ್ಟರ ಹತ್ತಿರ ಹೋಗಿ. ಅಲ್ಲಿಯವರೆಗೆ ಗ್ಲಿಮೆಪಿರೈಡ್ ಇರುವ ಈ ಎರಡು ಗುಳಿಗೆಗಳನ್ನು ಒಂದೇ ದಿನ ಕೊಡಬೇಡಿ. ಊಟ ಮಾಡದ ದಿನ ಗ್ಲಿಮೆಪಿರೈಡ್ ಇರುವ ಯಾವ ಗುಳಿಗೆಯೂ ಬೇಡ. ಬಿಪಿ ಗುಳಿಗೆಯ ಲೆಕ್ಕ ಬೇರೆ: ಉಪವಾಸದ ದಿನವೂ ನೀರಿನ ಜೊತೆ ಅದನ್ನು ತೆಗೆದುಕೊಳ್ಳಬಹುದು. ಆದರೆ ವಾಂತಿ ಭೇದಿ ಹತ್ತಿ ಮೈಯಲ್ಲಿ ನೀರು ಇಂಗಿದ ದಿನ ಮೆಟ್‌ಫಾರ್ಮಿನ್, ಬಿಪಿಯ ಟೆಲ್ಮಿಸಾರ್ಟಾನ್ ಎರಡನ್ನೂ ತಡೆಹಿಡಿದು ಡಾಕ್ಟರನ್ನು ಕೇಳಬೇಕು.

ಇನ್ನೊಂದು ಸಲ ಹೀಗೆ ಬೆವತು, ಕೈ ನಡುಗಿ, ಮಾತು ತೊದಲಿದರೆ, ಎಚ್ಚರ ಇದ್ದರೆ ಮಾತ್ರ, ಅರ್ಧ ಲೋಟ ನೀರಿಗೆ ಮೂರು ಚಮಚ ಸಕ್ಕರೆ ಕದಡಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ನೋಡಿ. ಸರಿಹೋಗದಿದ್ದರೆ ಮತ್ತೆ ಅಷ್ಟೇ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಸುರಿಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಸಕ್ಕರೆ ನೀರು ಕುಡಿದು ಎದ್ದು ಕೂತರೂ ದವಾಖಾನೆಗೆ ಹೋಗಲೇಬೇಕು. ಗ್ಲಿಮೆಪಿರೈಡ್ ಜಾತಿಯ ಗುಳಿಗೆಯ ಪ್ರಭಾವ ಇಡೀ ದಿನ ಇರುತ್ತದೆ. ಮಧ್ಯಾಹ್ನ ಏರಿಸಿದ ಶುಗರ್ ರಾತ್ರಿ ಮತ್ತೆ ಇಳಿದು, ನಿದ್ದೆಯಲ್ಲೇ ಪ್ರಾಣಕ್ಕೆ ಬರಬಹುದು.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ‘ಅವರಿಗೆ ತಿಳಿಯುವ ಹಾಗೆ ಹೇಗೆ ಹೇಳಲಿ’ ಎಂದಿದ್ದೀರಿ. ಅತ್ತೆಗೆ ತಿಳಿಯುತ್ತಿಲ್ಲ, ಅದಕ್ಕೇ ಗುಳಿಗೆ ಬಿಡುತ್ತಿದ್ದಾರೆ ಎಂಬುದು ನಿಮ್ಮ ಎಣಿಕೆ. ಈ ಭಾಗದ ಸರ್ಕಾರಿ ದವಾಖಾನೆಗಳಲ್ಲಿ ಕೂತು ನಾನೂ ಎಷ್ಟೋ ವರ್ಷ ಹಾಗೇ ಎಣಿಸಿದ್ದೆ. ಓದು ಬಾರದವರಿಗೆಂದು ಚೀಟಿಯ ಮೇಲೆ ಚಿತ್ರ ಬರೆದುಕೊಡುತ್ತಿದ್ದೆ: ಬೆಳಗಿನ ಗುಳಿಗೆಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರ. ಬಹಳ ಜಾಣತನದ ಕೆಲಸ ಮಾಡಿದೆನೆಂದು ನನಗೇ ಹೆಮ್ಮೆ. ಕುಷ್ಟಗಿ ಕಡೆಯ ಒಬ್ಬ ಕುರಿಗಾಹಿ ಅಜ್ಜ ತಿಂಗಳು ಬಿಟ್ಟು ಬಂದಾಗ ರಾತ್ರಿಯ ಗುಳಿಗೆ ಅರ್ಧಕ್ಕರ್ಧ ಹಾಗೇ ಉಳಿದಿದ್ದವು. ಯಾಕೆ ಎಂದೆ. ‘ಯಪ್ಪಾ, ನೀನ ಚಂದ್ರನ ಚಿತ್ರ ತಗದ ಕೊಟ್ಟೀ. ಹುಣ್ಣಿವಿ ಕಳದ ಮ್ಯಾಲ ಮಲಗೂ ಹೊತ್ತಿಗೆ ಚಂದ್ರ ಎಲ್ಲಿ ಕಾಣ್ತಾನ? ಕಂಡ ದಿನ ನುಂಗೀನಿ ನೋಡು’ ಎಂದ. ಹಟ್ಟಿಯ ಬಯಲಲ್ಲಿ ಮಲಗುವವನು. ಆಕಾಶ ನೋಡಿ ನನ್ನ ಚೀಟಿಯನ್ನು ನನಗಿಂತ ನಿಷ್ಠೆಯಿಂದ ಪಾಲಿಸಿದ್ದ. ಅಂದು ಬರೆದು ಕೊಡುವ ಮುಂಚೆ ‘ಅಜ್ಜಾ, ಇದನ್ನ ಮನ್ಯಾಗ ಹೆಂಗ ತಗೋತೀ, ನನಗ ಹೇಳು’ ಎಂದು ಒಂದು ಮಾತು ಕೇಳಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಅಂದಿನಿಂದ ನಾನು ಕಲಿತದ್ದು ಆ ಒಂದು ಪ್ರಶ್ನೆ. ‘ತಿಳೀತಾ?’ ಎಂದರೆ ನಮ್ಮ ಹಿರಿಯರು ಡಾಕ್ಟರ ಮರ್ಯಾದೆಗೆ ‘ಹ್ಞೂಂ’ ಎನ್ನುತ್ತಾರೆ. ಸೊಸೆಯ ಕಾಟಕ್ಕೂ ‘ಹ್ಞೂಂ’ ಎನ್ನುತ್ತಾರೆ. ‘ನನಗ ಮರ್ತಿರ್ತದ, ಯಾವ ಗುಳಿಗಿ ಯಾವಾಗ ಅಂತ ನೀವ ನನಗ ಹೇಳಿಕೊಡ್ರಿ’ ಎಂದು ಕೇಳಿ ನೋಡಿ. ಪರೀಕ್ಷೆ ಮಾಡುವ ದನಿ ಬೇಡ; ಅತ್ತೆಯಿಂದ ಪುಂಡಿಪಲ್ಯದ ಹದ ಕಲಿಯುವಾಗ ಕೇಳುತ್ತೀರಲ್ಲ, ಹಾಗೆ. ಅವರು ಹೇಳುವುದರಲ್ಲಿ ಎಲ್ಲಿ ಎಡವಟ್ಟಾಗಿದೆಯೋ ಅಷ್ಟನ್ನು ಮಾತ್ರ ತಿದ್ದಿದರೆ ಸಾಕು. ಗೋಡೆಯ ಚೀಟಿ ಕಿತ್ತುಹಾಕಿ.

ಎರಡನೆಯ ಪ್ರಶ್ನೆ ಇದಕ್ಕಿಂತ ಕಷ್ಟದ್ದು: ಯಾಕೆ ಬಿಡುತ್ತಾರೆ? ‘ಮರೆತೆ’ ಎಂಬುದು ಸಾಮಾನ್ಯವಾಗಿ ನೆಪ. ನಾನು ಕೇಳಿ ತಿಳಿದ ಕಾರಣಗಳು ಬೇರೆಯೇ. ಕಾಲು ಬಾವು ಬರುತ್ತದೆ ಎಂದು ಅಮ್ಲೋಡಿಪಿನ್ ಎಂಬ ಬಿಪಿ ಗುಳಿಗೆ ಬಿಟ್ಟವರುಂಟು. ಅದರಿಂದ ಕಾಲು ಬಾಯುವುದು ನಿಜವೇ, ಡಾಕ್ಟರಿಗೆ ಹೇಳಿದರೆ ಬದಲಿ ಇದೆ. ಮೆಟ್‌ಫಾರ್ಮಿನ್ ಬರಿಹೊಟ್ಟೆಗೆ ನುಂಗಿ ಹೊಟ್ಟೆ ತೊಳಸಿ ಬಿಟ್ಟವರುಂಟು; ಊಟದ ಜೊತೆಗೆ ತೆಗೆದುಕೊಂಡರೆ ಬಹುಪಾಲು ಜನಕ್ಕೆ ಸರಿಹೋಗುತ್ತದೆ. ಮೂತ್ರ ಹೆಚ್ಚು ಮಾಡಿಸುವ ಬಿಪಿ ಗುಳಿಗೆಯನ್ನು ಹೊಲಕ್ಕೆ ಹೋಗುವ ದಿನ, ಬಸ್ಸಿನಲ್ಲಿ ಹೋಗುವ ದಿನ ಬಿಡುವ ಹೆಂಗಸರಂತೂ ಬಹಳ. ಮರೆಯಿಲ್ಲದ ಬಯಲಲ್ಲಿ ಅವರು ಇನ್ನೇನು ಮಾಡಬೇಕು? ಇದನ್ನು ಗಂಡು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳುವುದಿಲ್ಲ, ನರ್ಸಿಗೆ ಹೇಳುತ್ತಾರೆ.

ಎಲ್ಲಕ್ಕಿಂತ ದೊಡ್ಡ ಕಾರಣ ದುಡ್ಡು. ನಿಮ್ಮ ಪತ್ರದಲ್ಲಿ ಸಾವಿರದ ಮೇಲೆ ಖರ್ಚು, 1,200 ಪಿಂಚಣಿ ಎಂಬ ಎರಡು ಲೆಕ್ಕ ಅಕ್ಕಪಕ್ಕದ ವಾಕ್ಯದಲ್ಲಿವೆ. ನನಗೆ ಅಲ್ಲಿಯೇ ಅನುಮಾನ ಬಂತು. ಸಿಂಧನೂರು ಕಡೆಯ ಒಬ್ಬ ಅಮ್ಮ ವರ್ಷಗಟ್ಟಲೆ ದಿನ ಬಿಟ್ಟು ದಿನ ಗುಳಿಗೆ ನುಂಗುತ್ತಿದ್ದರು. ಮಗ ಬೈದರೆ ‘ಮರ್ತೆ’ ಎನ್ನುವುದು. ಒಂದು ದಿನ ಮಗ ಹೊರಗೆ ಹೋದಾಗ ಸೀರೆಯ ಸೆರಗಿನ ಗಂಟು ಬಿಚ್ಚಿ ತೋರಿಸಿದರು: ಕತ್ತರಿಸಿದ ಸ್ಟ್ರಿಪ್‌ನ ತುಂಡುಗಳು, ನಾಲ್ಕೋ ಐದೋ ಗುಳಿಗೆ. ‘ಪಗಾರ ಬರೂತನ ಇವು ಆಗಬೇಕಲ್ಲ ಯಪ್ಪಾ’ ಎಂದರು. ಪಗಾರ ಎಂದರೆ ಪಿಂಚಣಿ. ಆಕೆಗೆ ಶುಗರ್ ಬಗ್ಗೆ ಪಾಠ ಬೇಕಿರಲಿಲ್ಲ. ಮೂವತ್ತು ದಿನಕ್ಕೆ ಮೂವತ್ತು ಗುಳಿಗೆ ಬೇಕಿದ್ದವು. ನಿಮ್ಮ ಅತ್ತೆಯೂ ‘ಕಿಡ್ನಿ ಹೋಗ್ತಾವು’ ಎಂಬ ಮಾತಿನ ಹಿಂದೆ ಮಗನ ಗುಳೆ ದುಡಿಮೆ ಉಳಿಸುತ್ತಿರಬಹುದು. ಹೌದೋ ಅಲ್ಲವೋ, ಅವರನ್ನೇ ಕೇಳಿ. ಮಕ್ಕಳು ಮಲಗಿದ ಮೇಲೆ ಕೇಳಿ.

ಕಿಡ್ನಿಯ ಭಯವನ್ನು ತಳ್ಳಿಹಾಕಬೇಡಿ. ಅದು ಸುಳ್ಳಾದರೂ ಹುಟ್ಟಿದ್ದು ಕಣ್ಣಾರೆ ಕಂಡದ್ದರಿಂದ. ಓಣಿಯಲ್ಲಿ ಒಬ್ಬರು ಹತ್ತು ವರ್ಷ ಶುಗರ್ ಗುಳಿಗೆ ನುಂಗಿದರು, ಆಮೇಲೆ ಡಯಾಲಿಸಿಸ್‌ಗೆ ಹೋದರು. ನೋಡಿದವರಿಗೆ ಗುಳಿಗೆಯೇ ಕಿಡ್ನಿ ತಿಂದಂತೆ ಕಾಣುತ್ತದೆ. ನಿಜದಲ್ಲಿ ತಿಂದದ್ದು ಹತ್ತು ವರ್ಷ ಹತೋಟಿಗೆ ಬಾರದ ಶುಗರ್ ಮತ್ತು ಬಿಪಿ. ಕಿಡ್ನಿ ಕುಂದಿದ ಮೇಲೆ ಡಾಕ್ಟರು ಮೆಟ್‌ಫಾರ್ಮಿನ್ ನಿಲ್ಲಿಸುವುದರಿಂದ ಈ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ. ಮೆಟ್‌ಫಾರ್ಮಿನ್ ಕಿಡ್ನಿಯನ್ನು ಕೆಡಿಸುವುದಿಲ್ಲ. ಕಿಡ್ನಿ ಬಹಳ ಕೆಟ್ಟಿದ್ದರೆ ಅದು ಹೊರಗೆ ಹೋಗದೆ ಮೈಯಲ್ಲೇ ನಿಲ್ಲುತ್ತದೆ, ಅದಕ್ಕೆ ನಿಲ್ಲಿಸುತ್ತಾರೆ. ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್ ನೋಡಿಸಿ, ಆ ಚೀಟಿಯನ್ನು ಅತ್ತೆಯ ಕೈಯಲ್ಲೇ ಕೊಟ್ಟು ‘ನಿಮ್ಮ ಕಿಡ್ನಿ ಹೀಂಗ ಅದಾವು’ ಎಂದು ಡಾಕ್ಟರಿಂದಲೇ ಹೇಳಿಸಿ. ಇದರ ಮುಂದೆ ನಿಮ್ಮ ನೂರು ವಿಡಿಯೊ ನಿಲ್ಲುವುದಿಲ್ಲ.

ಕಿಡ್ನಿ ಕೆಡಿಸುವ ವಸ್ತು ನಿಮ್ಮ ಫೋಟೊದಲ್ಲಿ ಬೇರೆ ಇದೆ. ಕೆಳಸಾಲಿನ ನಡುವಿನ ಸ್ಟ್ರಿಪ್, ಡೈಕ್ಲೋಫೆನಾಕ್, ನೋವಿನ ಗುಳಿಗೆ. ಅದರ ಮೇಲೆ ಹದಿನೈದು ದಿನಕ್ಕೊಂದು ಸೂಜಿ. ಕೊಪ್ಪಳ, ರಾಯಚೂರು ಜಿಲ್ಲೆಗಳ ಅನೇಕ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ. ಮಿತಿಯನ್ನು ದಾಟಿದೆ. ವಯಸ್ಸು, ನಾಟಿಯಲ್ಲಿ ಬಗ್ಗಿ ಸವೆಸಿದ ಕೀಲು, ಈ ನೀರು ಸೇರಿದರೆ ಮೊಣಕಾಲು ನೋಯದೆ ಇನ್ನೇನು? ನೋವು ನಿಜ. ಆದರೆ ಬಿಪಿಯ ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುವವರು, ಅದೂ ನಮ್ಮ ಬೇಸಿಗೆಯ ಬೆವರಿನಲ್ಲಿ, ಮೇಲಿಂದ ಮೇಲೆ ಡೈಕ್ಲೋಫೆನಾಕ್ ನುಂಗಿದರೆ ಕಿಡ್ನಿಗೆ ಪೆಟ್ಟು, ಬಿಪಿಯೂ ಏರುತ್ತದೆ. ಊರಲ್ಲಿ ಚುಚ್ಚುವ ಸೂಜಿಯಲ್ಲಿ ಏನಿದೆ ಎಂದು ನಾನು ನೋಡಿಲ್ಲ. ಎರಡು ದಿನ ಹಾರಾಡುವಷ್ಟು ಆರಾಮವಾಗಿ, ಹಸಿವೆ ಹೆಚ್ಚಿ, ಆಮೇಲೆ ಮೊದಲಿನಂತೆಯೇ ಆಗುತ್ತಿದ್ದರೆ ಅದು ಸ್ಟೆರಾಯ್ಡ್ ಇರಬಹುದು. ಸ್ಟೆರಾಯ್ಡ್ ಶುಗರನ್ನು ಜಗ್ಗಿ ಏರಿಸುತ್ತದೆ. ಆಗ ಡಾಕ್ಟರು ‘ಶುಗರ್ ಜಾಸ್ತಿ ಆಗಿದೆ’ ಎಂದು ಗುಳಿಗೆ ಏರಿಸುತ್ತಾರೆ; ಸೂಜಿಯ ಪ್ರಭಾವ ಇಳಿದ ವಾರ ಅದೇ ಗುಳಿಗೆ ಹೆಚ್ಚಾಗಿ ಶುಗರ್ ಪಾತಾಳಕ್ಕೆ. ಇದರಲ್ಲೂ ಒಂದು ಎಚ್ಚರ: ತಿಂಗಳುಗಟ್ಟಲೆ ಸ್ಟೆರಾಯ್ಡ್ ಹೋಗಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಸೂಜಿಯ ವಿಷಯವನ್ನು ಡಾಕ್ಟರಿಗೆ ಮುಚ್ಚಿಡಬೇಡಿ, ಅವರು ಬೈದರೂ ಬೈಸಿಕೊಳ್ಳಿ. ನೋವಿಗೆ ಸದ್ಯ ಪ್ಯಾರಾಸಿಟಮಾಲ್, ಬಿಸಿ ಕಾವು, ಕುರ್ಚಿಯ ಮೇಲೆ ಕೂತು ಮೊಣಕಾಲು ಚಾಚಿ ಹಿಡಿಯುವ ವ್ಯಾಯಾಮ ಲೇಸು. ಸೂಜಿಯಷ್ಟು ಬೇಗ ಆರಾಮ ಸಿಗುವುದಿಲ್ಲ ಎಂದು ಮೊದಲೇ ಅತ್ತೆಗೆ ಹೇಳಿಬಿಡಿ.

ಇನ್ನು ‘ತಲೆ ತಿರುಗಿದರೆ ಗುಳಿಗೆ’ ಎಂಬ ಲೆಕ್ಕ. ನನಗೆ ಹೆಚ್ಚು ಭಯವಾದದ್ದು ಇದಕ್ಕೆ. ಬಿಪಿ ಏರಿದ್ದು ಬಹುಪಾಲು ಜನಕ್ಕೆ ಗೊತ್ತಾಗುವುದೇ ಇಲ್ಲ. 180 ಇದ್ದವರು ತಲೆಮೇಲೆ ಹುಲ್ಲಿನ ಹೊರೆ ಹೊತ್ತು ಬರುತ್ತಾರೆ. ವಯಸ್ಸಾದವರಿಗೆ ತಲೆ ತಿರುಗುವುದು ಎಷ್ಟೋ ಸಲ ತದ್ವಿರುದ್ಧ ಕಾರಣಕ್ಕೆ: ಶುಗರ್ ಇಳಿದಿರುತ್ತದೆ, ಇಲ್ಲವೇ ಎದ್ದು ನಿಂತ ಕೂಡಲೇ ಬಿಪಿ ಕುಸಿದಿರುತ್ತದೆ. ಆ ಗಳಿಗೆಯಲ್ಲಿ ಶುಗರ್ ಗುಳಿಗೆ, ಬಿಪಿ ಗುಳಿಗೆ ನುಂಗುವುದೆಂದರೆ ಬಾವಿಗೆ ಬಿದ್ದವರ ತಲೆ ಮೇಲೆ ಕಲ್ಲು ಹಾಕಿದಂತೆ. ಅತ್ತೆಗೆ ನೀವು ಒಂದೇ ಒಂದು ಸಂಗತಿ ತಿಳಿಸಲು ಸಾಧ್ಯವಿದ್ದರೆ ಇದನ್ನು ತಿಳಿಸಿ: ತಲೆ ತಿರುಗಿದರೆ ಗುಳಿಗೆ ಅಲ್ಲ, ಮೊದಲು ಕೂಡಬೇಕು, ಸಕ್ಕರೆ ನೀರು ಕುಡಿಯಬೇಕು, ಆಮೇಲೆ ತೋರಿಸಬೇಕು. ಶುಗರ್ ಇಳಿಯದೇ ಇದ್ದು ಒಂದು ಲೋಟ ಸಕ್ಕರೆ ನೀರು ಹೆಚ್ಚುವರಿ ಹೋದರೆ ದೊಡ್ಡ ಅನಾಹುತವಿಲ್ಲ. ಬಾಯಿ ಸೊಟ್ಟಗಾದರೆ, ಒಂದು ಕಡೆ ಕೈಕಾಲು ಸೋತರೆ ಮಾತ್ರ ಏನನ್ನೂ ಕುಡಿಸದೆ ನೇರ 108. ಡಾಕ್ಟರ ಹತ್ತಿರ ಹೋದಾಗ ಬಿಪಿಯನ್ನು ಕೂತಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ನೋಡಲು ಕೇಳಿ. ಗದ್ದಲದ ಒಪಿಡಿಯಲ್ಲಿ ಇದು ತಪ್ಪಿಹೋಗುತ್ತದೆ, ನನ್ನಿಂದಲೂ ತಪ್ಪಿದೆ.

ಸರ್ಕಾರಿ ಗುಳಿಗೆ ಸ್ಟ್ರಾಂಗ್ ಇಲ್ಲ ಎಂಬ ಮಾತಿಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ಅತ್ತೆ ಎರಡನ್ನೂ ಸೇರಿಸಿ ನುಂಗಿ ಬಿದ್ದಿದ್ದಾರಲ್ಲ. ಆದರೆ ಸರ್ಕಾರಿ ಗುಳಿಗೆಯಲ್ಲಿ ಬೇರೊಂದು ತೊಡಕಿದೆ: ಸರಬರಾಜು ಮಾಡುವ ಕಂಪನಿ ಬದಲಾದಂತೆ ಬಣ್ಣ, ಗಾತ್ರ ಬದಲಾಗುತ್ತವೆ. ಹೋದ ತಿಂಗಳು ಬಿಳಿಯದಿದ್ದ ಬಿಪಿ ಗುಳಿಗೆ ಈ ತಿಂಗಳು ಕೇಸರಿ. ಬಣ್ಣ ನೋಡಿ ಗುರುತು ಹಿಡಿಯುವ ಹಿರಿಯರು ಹೊಸದನ್ನು ಹೊಸ ಔಷಧಿ ಎಂದುಕೊಂಡು ಹಳೆಯದರ ಜೊತೆಗೇ ನುಂಗುತ್ತಾರೆ. ಹಾಗಾಗಿ ಬಣ್ಣದ ಗುರುತು ಕಲಿಸಬೇಡಿ. ಬೆಳಗಿನದಕ್ಕೊಂದು ಸ್ಟೀಲ್ ಡಬ್ಬಿ, ಚಹಾದ ಡಬ್ಬಿಯ ಪಕ್ಕ. ರಾತ್ರಿಯದಕ್ಕೊಂದು, ರೊಟ್ಟಿ ಬುಟ್ಟಿಯ ಪಕ್ಕ. ಭಾನುವಾರ ರಾತ್ರಿ ವಾರದ ಲೆಕ್ಕ ನೀವು ಹಾಕಿಡಿ, ಅಥವಾ ನಿಮ್ಮ ಮಕ್ಕಳಲ್ಲಿ ಓದಲು ಬರುವವರಿಗೆ ಕೊಡಿ. ಸ್ಟ್ರಿಪ್ಪನ್ನು ಕತ್ತರಿಸಿ ಹಾಕಿ, ಗುಳಿಗೆ ಬಿಡಿಸಿ ಹಾಕಬೇಡಿ, ತೇವಕ್ಕೆ ಕೆಡುತ್ತವೆ.

ನಿಮ್ಮ ಮುಂದೆ ಇರುವ ದಾರಿಗಳು ಮೂರು. ಎರಡೂ ಕಡೆ ತೋರಿಸುವುದನ್ನು ಮುಂದುವರಿಸುವುದು: ಇದರ ಅಪಾಯವನ್ನು ಶ್ರಾವಣದಲ್ಲಿ ನೋಡಿದ್ದೀರಿ. ಪೂರ್ತಿ ಖಾಸಗಿ: ಒಂದೇ ಗುಳಿಗೆಯಲ್ಲಿ ಎರಡು ಔಷಧಿ ಸಿಗುವುದರಿಂದ ನುಂಗುವ ಸಂಖ್ಯೆ ಕಡಿಮೆ, ಹಿರಿಯರಿಗೆ ಅದು ದೊಡ್ಡ ಅನುಕೂಲ. ಆದರೆ ದುಡ್ಡು ನಿಂತ ತಿಂಗಳು ಗುಳಿಗೆಯೂ ನಿಲ್ಲುತ್ತದೆ. ಪೂರ್ತಿ ಸರ್ಕಾರಿ: ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಅಮ್ಲೋಡಿಪಿನ್, ಟೆಲ್ಮಿಸಾರ್ಟಾನ್ ನಾಲ್ಕೂ ಅಲ್ಲಿ ಪುಕ್ಕಟೆ. ಕೆಲವೊಮ್ಮೆ ಸ್ಟಾಕ್ ಮುಗಿದಿರುತ್ತದೆ, ಡಾಕ್ಟರು ವರ್ಗವಾಗುತ್ತಾರೆ. ಅದಕ್ಕೆ ಗುಳಿಗೆ ಇನ್ನೂ ಹತ್ತು ದಿನಕ್ಕೆ ಇರುವಾಗಲೇ ಹೋಗುವ ರೂಢಿ ಬೇಕು. ನನ್ನನ್ನು ಕೇಳಿದರೆ ನಿಮ್ಮ ಮನೆಗೆ ಮೂರನೆಯದೇ ಸರಿ, ಒಂದು ತಿದ್ದುಪಡಿಯೊಂದಿಗೆ. ಒಮ್ಮೆ 48ಕ್ಕೆ ಇಳಿದ 67ರ ಹೆಂಗಸಿಗೆ ಗ್ಲಿಮೆಪಿರೈಡ್ ಬೇಕೇ ಬೇಕೇ ಎಂದು ಡಾಕ್ಟರನ್ನು ನೇರವಾಗಿ ಕೇಳಿ. ಸಿಟಾಗ್ಲಿಪ್ಟಿನ್ ತರಹದ, ಶುಗರನ್ನು ಹೀಗೆ ಕೆಡವದ ಗುಳಿಗೆಗಳಿವೆ. 2022ರಲ್ಲಿ ಅದರ ಪೇಟೆಂಟ್ ಮುಗಿದ ಮೇಲೆ ಬೆಲೆ ಬಹಳ ಇಳಿದಿದೆ. ಆ ಒಂದನ್ನು ಜನೌಷಧಿ ಅಂಗಡಿಯಲ್ಲಿ ಕೊಂಡು ಉಳಿದದ್ದನ್ನು ಪುಕ್ಕಟೆ ಪಡೆದರೆ ಪಿಂಚಣಿಯ ಬಹುಪಾಲು ಅತ್ತೆಯ ಸೆರಗಿನಲ್ಲೇ ಉಳಿಯುತ್ತದೆ. ತಾಲ್ಲೂಕು ದವಾಖಾನೆಗೆ ಹೋಗಿಬರಲು 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟೂ ಇಲ್ಲವಲ್ಲ.

ಶುಗರ್ ಎಷ್ಟಿರಬೇಕು ಎಂದೂ ಕೇಳಿಕೊಳ್ಳಿ. ಹರೆಯದವರಿಗೆ ಹೇಳುವ ಬಿಗಿ ಲೆಕ್ಕ ಇವರಿಗೆ ಬೇಡ. ಒಮ್ಮೆ ಹೀಗೆ ಬಿದ್ದ ಹಿರಿಯರಿಗೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8ರ ಒಳಗೆ, ಬರಿಹೊಟ್ಟೆಯ ಶುಗರ್ 90ರಿಂದ 150ರ ನಡುವೆ ಇದ್ದರೆ ನಾನು ತೃಪ್ತ.

ಊಟದ ಬಗ್ಗೆ ಉದ್ದ ಪಟ್ಟಿ ಕೊಡುವುದಿಲ್ಲ. ರೇಷನ್ ಅಕ್ಕಿ ಬರುವ ಮನೆಯಲ್ಲಿ ಓಟ್ಸ್ ತಿನ್ನಿ ಎನ್ನುವ ಡಾಕ್ಟರು ನಾನಲ್ಲ. ಜೋಳದ ರೊಟ್ಟಿ ಅನ್ನಕ್ಕಿಂತ ಮೇಲು, ಆದರೆ ಲೆಕ್ಕವಿಲ್ಲದೆ ತಿಂದರೆ ಅದೂ ಶುಗರೇ. ಬೆಲ್ಲವೂ ಸಕ್ಕರೆಯೇ. ಹಾಗಲಕಾಯಿ, ಬೇವು ಕಹಿ ಇವೆ ಎಂಬುದಷ್ಟೇ ನಿಜ, ಗುಳಿಗೆಯ ಬದಲಿಯಲ್ಲ. ಅನ್ನ ಒಂದು ಸೌಟು ಇಳಿಸಿ, ಪುಂಡಿಪಲ್ಯ, ಮಡಿಕೆ ಕಾಳು ಏರಿಸಿ. ಬಿಪಿಗೆ ಹಪ್ಪಳ, ಉಪ್ಪಿನಕಾಯಿ, ಕೆಂಪು ಚಟ್ನಿಯ ಉಪ್ಪು ಕಡಿಮೆ ಮಾಡಿ. ಅತ್ತೆ ತೆಳ್ಳಗಿದ್ದರೆ, ಹಲ್ಲು ಬಿದ್ದು ಊಟವೇ ಕಡಿಮೆಯಾಗಿದ್ದರೆ, ಪಥ್ಯದ ಹೆಸರಿನಲ್ಲಿ ಹಸಿವೆಗೆ ಕೆಡವಬೇಡಿ.

ಸಂಘದ ವಿಚಾರ ಓದಿ ಸಂತೋಷವಾಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಎಂಬವರು 1990ರ ದಶಕದಲ್ಲಿ ದೀರ್ಘಕಾಲದ ಕಾಯಿಲೆಯವರಿಗೆ ಒಂದು ತರಬೇತಿ ಕಟ್ಟಿದರು: ವಾರಕ್ಕೊಮ್ಮೆ ಎರಡೂವರೆ ಗಂಟೆ, ಆರು ವಾರ. ನಡೆಸಿಕೊಡುವವರು ಡಾಕ್ಟರಲ್ಲ, ಕಾಯಿಲೆಯೊಂದಿಗೆ ಬದುಕುತ್ತಿರುವ ಸಾಮಾನ್ಯ ಜನ. ಅಲ್ಲಿ ಭಾಷಣ ಕಡಿಮೆ. ಪ್ರತಿಯೊಬ್ಬರೂ ಮುಂದಿನ ವಾರಕ್ಕೆ ತಾವು ಮಾಡುವ ಒಂದು ಸಣ್ಣ ಕೆಲಸವನ್ನು ತಾವೇ ಹೇಳಬೇಕು, ಮಾಡಿಯೇ ತೀರುವ ಭರವಸೆ ಹತ್ತರಲ್ಲಿ ಎಷ್ಟು ಎಂದೂ ಹೇಳಬೇಕು. ಏಳಕ್ಕಿಂತ ಕಡಿಮೆಯಿದ್ದರೆ ಕೆಲಸವನ್ನೇ ಇನ್ನಷ್ಟು ಸಣ್ಣದು ಮಾಡುತ್ತಾರೆ. ನಮ್ಮ ಹಿರಿಯರ ಮುಂದೆ ‘ಹತ್ತಕ್ಕೆ ಎಷ್ಟು’ ನಡೆಯಲಿಲ್ಲ. ‘ರೂಪಾಯಿಗೆ ಎಷ್ಟಾಣೆ ಭರೋಸ ಐತಿ?’ ಎಂದು ಕೇಳಿದೆ, ಕೂಡಲೇ ಉತ್ತರ ಬಂತು. ಹದಿನಾರಾಣೆ ಎಂದವರನ್ನು ನಾನು ನಂಬುವುದಿಲ್ಲ. ‘ಎಂಟಾಣೆ’ ಎಂದರೆ ಏನು ಅಡ್ಡಿ ಎಂದು ಕೇಳುತ್ತೇನೆ. ‘ಹನ್ನೆರಡಾಣೆ’ ಎಂದರೆ ಕೆಲಸ ಆದಂತೆಯೇ.

ಉಳಿತಾಯದ ದುಡ್ಡು ಕಟ್ಟುವ ದಿನವೇ ಅರ್ಧ ತಾಸು ಹೆಚ್ಚು ಕೂಡಿ. ಮೊದಲ ಸಲ ಎಲ್ಲರೂ ಗುಳಿಗೆಯ ಚೀಲ ತರಲಿ. ನೋಡಿ ಹೇಳಲು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯನ್ನು ಕರೆಯಿರಿ. ನಿಮ್ಮ ಅತ್ತೆಯಂತೆ ಒಂದೇ ಔಷಧಿಯನ್ನು ಎರಡು ಹೆಸರಲ್ಲಿ ನುಂಗುವವರು ಇನ್ನೊಬ್ಬರಾದರೂ ಸಿಗುತ್ತಾರೆ. ಇನ್ನೊಂದು ವಾರ ಕಾಲು: ಎಲ್ಲರೂ ಕಾಲು ತೊಳೆದು ಬಂದು, ಒಬ್ಬರ ಪಾದವನ್ನು ಇನ್ನೊಬ್ಬರು ತಿರುಗಿಸಿ ನೋಡುವುದು. ಶುಗರ್ ಹಳೆಯದಾದರೆ ಪಾದದ ಸ್ಪರ್ಶ ಸಾಯುತ್ತದೆ. ಬಿರುಬಿಸಿಲಲ್ಲಿ ಹುಲಿಗೆಮ್ಮನ ಗುಡಿಗೆ ಬರಿಗಾಲಲ್ಲಿ ನಡೆದುಬಂದ ಅಮ್ಮನೊಬ್ಬರ ಎರಡೂ ಅಂಗಾಲು ಬೊಬ್ಬೆ ಎದ್ದಿದ್ದವು. ರಕ್ತದ ಹೆಜ್ಜೆ ಗುರುತು ಕಂಡ ಮೊಮ್ಮಗಳು ಹೇಳುವವರೆಗೆ ಆಕೆಗೆ ಗೊತ್ತೇ ಆಗಿರಲಿಲ್ಲ. ಉಪವಾಸ, ರೋಜಾ ಇರುವವರು ತಿಂಗಳು ಮುಂಚೆಯೇ ಡಾಕ್ಟರನ್ನು ಕೇಳುವ ಮಾತು ಮತ್ತೊಂದು ವಾರ. ಇನ್ಸುಲಿನ್ ತೆಗೆದುಕೊಳ್ಳುವವರಿದ್ದು ಫ್ರಿಜ್ ಇಲ್ಲದಿದ್ದರೆ, ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಗಡಿಗೆಯೊಳಗೆ ಸೀಸೆಗೆ ನೀರು ತಾಗದಂತೆ ಇಡುವುದನ್ನು ತೋರಿಸಿಕೊಡಿ.

ಮೂರು ಕೆಲಸ ಮಾತ್ರ ಸಂಘದಲ್ಲಿ ಬೇಡವೇ ಬೇಡ. ಶುಗರ್ ಮಷೀನ್ ಒಂದೇ ಇದ್ದರೂ, ಚುಚ್ಚುವ ಸೂಜಿ ಒಬ್ಬರದು ಇನ್ನೊಬ್ಬರಿಗೆ ಸಲ್ಲದು. ಹೆಪಟೈಟಿಸ್ ಬಿ ಹರಡುತ್ತದೆ. ‘ನನಗ ಆರಾಮ ಆತು, ನೀನೂ ತಗೋ’ ಎಂದು ಗುಳಿಗೆ ಹಂಚಿಕೊಳ್ಳಬಾರದು. ಸಂಘಗಳನ್ನು ಹುಡುಕಿಕೊಂಡು ಬರುವ ಶುಗರ್ ಪುಡಿಯವರಿಗೆ ಕುರ್ಚಿ ಹಾಕಬೇಡಿ. ಗಿಡಮೂಲಿಕೆ ಎಂದು ಮಾರುವ ಇಂಥ ಪುಡಿಗಳಲ್ಲಿ ಶುಗರ್ ಗುಳಿಗೆಯ ಔಷಧಿಯನ್ನೇ ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕಿದ್ದುಂಟು. ಆಗ ನಿಮ್ಮ ಅತ್ತೆಯ ಸೋಮವಾರ ಇನ್ನೊಬ್ಬರ ಮನೆಯಲ್ಲಿ ಆಗುತ್ತದೆ.

ಡಾಕ್ಟರ ಹತ್ತಿರ ಹೋಗುವಾಗ ಆ ಚೀಲ ಮರೆಯಬೇಡಿ. ಮೊಣಕಾಲಿಗೆ ಚುಚ್ಚಿದ ಸೂಜಿಯ ಖಾಲಿ ಬಾಟಲಿ ಸಿಕ್ಕರೆ ಅದನ್ನೂ ಅದರಲ್ಲೇ ಹಾಕಿ.